ಕಾರ್ಪೆಟ್ಟಿಗೆ ಐದು ನಕ್ಷತ್ರ, ಹಾಸಿದ ಕೆಲಸಕ್ಕೆ ಒಂದು

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆಗೆ ಕಳೆದ ಚಳಿಗಾಲದಲ್ಲಿ ಕಾರ್ಪೆಟ್ ಹಾಕಿಸಿದೆವು. ಅಂಗಡಿಯೊಂದಿಗಿನ ಲೆಕ್ಕ ಇನ್ನೂ ಪೂರ್ತಿ ಚುಕ್ತಾ ಆಗಿಲ್ಲ, ಹಾಗಾಗಿ ಹೆಸರು ಬರೆಯುವುದಿಲ್ಲ. ಈ ದೇಶದಲ್ಲಿ ಹಳೆಯ ಮನೆ ಕೊಂಡು, ಬಣ್ಣ ಬಳಿಸಿ, ಕೊನೆಯ ಕೆಲಸವೆಂದು ಕಾರ್ಪೆಟ್ ಅಂಗಡಿಗೆ ಹೊರಟಿರುವ ನಮ್ಮವರು ಇದನ್ನು ಓದಿಯೇ ಹೋಗಲಿ ಎಂಬುದು ನನ್ನ ಆಸೆ.

ಸರಕಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಶೇ. 80 ಉಣ್ಣೆ, ಉಳಿದದ್ದು ಕೃತಕ ನೂಲು, ತಿಳಿ ಬೂದು ಬಣ್ಣ, ಕೆಳಗೆ 10 ಮಿ.ಮೀ. ಅಂಡರ್‌ಲೇ, ಅಂದರೆ ಮೆತ್ತನೆಯ ಒಳಹಾಸು. ಕಾವಿ ನೆಲದ ಮೇಲೆ ಬರಿಗಾಲಲ್ಲಿ ಓಡಾಡಿ ಬೆಳೆದ ನನಗೂ ಜನವರಿಯ ಬೆಳಗ್ಗೆ ಹಾಸಿಗೆಯಿಂದ ಇಳಿದಾಗ ಅದು ಹಿತವಾಗಿಯೇ ಇತ್ತು. ಇಷ್ಟು ಒಳ್ಳೆಯ ಸರಕನ್ನು ಇಷ್ಟು ಕೆಟ್ಟದಾಗಿ ಹಾಸಿದರಲ್ಲ ಎಂಬುದೇ ನನ್ನ ಸಂಕಟ.

ಮೊದಲು ನಡುಮನೆಯ ಕಥೆ. ಕೋಣೆಯ ಉದ್ದ 5.2 ಮೀಟರ್, ಅಗಲ 4.3 ಮೀಟರ್. ಇಲ್ಲಿ ಕಾರ್ಪೆಟ್ ಸುರುಳಿಗಳು ಸಾಮಾನ್ಯವಾಗಿ 4 ಅಥವಾ 5 ಮೀಟರ್ ಅಗಲದಲ್ಲಿ ಬರುತ್ತವೆ. ನಾವು ಆರಿಸಿದ್ದು ಎರಡೂ ಅಗಲಗಳಲ್ಲಿ ಸಿಗುತ್ತದೆಂದು ಮಾದರಿ ಚೀಟಿಯಲ್ಲೇ ಅಚ್ಚಾಗಿತ್ತು. 5 ಮೀಟರಿನದನ್ನು ತಂದಿದ್ದರೆ ಜೋಡಣೆಯ ಪ್ರಶ್ನೆಯೇ ಬರುತ್ತಿರಲಿಲ್ಲ. ಅಳತೆಗೆ ಬಂದವರು ನಮ್ಮನ್ನು ಒಂದು ಮಾತೂ ಕೇಳದೆ 4 ಮೀಟರಿನದನ್ನು ಬರೆದುಕೊಂಡು ಹೋದರು. ಫಿಟ್ಟರ್ ಬಂದು, ಉಳಿದ ಮೂವತ್ತು ಸೆಂಟಿಮೀಟರ್ ಜಾಗಕ್ಕೆ ಗೋಡೆಯುದ್ದಕ್ಕೂ ಪಟ್ಟಿ ಕೂರಿಸಿದ.

ಕಾರ್ಪೆಟ್ಟಿನ ಎಳೆಗಳು ಸುರುಳಿಯ ಉದ್ದಕ್ಕೆ ಒಂದೇ ಕಡೆಗೆ ವಾಲಿರುತ್ತವೆ. ಪಕ್ಕದ ತುಂಡಿನ ಎಳೆಯೂ ಅದೇ ಕಡೆಗೆ ವಾಲಬೇಕಾದರೆ ಸುರುಳಿಯಿಂದ ಇನ್ನೊಂದು 5.2 ಮೀಟರ್ ಉದ್ದ ಕತ್ತರಿಸಬೇಕು. ಅದರಲ್ಲಿ ಬಹುಪಾಲು ದಂಡವಾಗುತ್ತದೆ. ಅದನ್ನು ಉಳಿಸಲು ಸುರುಳಿಯ ತುದಿಯಿಂದ ಅಡ್ಡಲಾಗಿ ಎರಡು ತುಂಡು ಕತ್ತರಿಸಿ, ತಿರುಗಿಸಿ ಅಂಟಿಸಿದ್ದರು. ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಬಿದ್ದರೆ ಸಾಕು, ಆ ಪಟ್ಟಿ ಕೋಣೆಯ ಉಳಿದ ಭಾಗಕ್ಕಿಂತ ಒಂದು ಛಾಯೆ ಕಪ್ಪಗೆ ಕಾಣುತ್ತಿತ್ತು, ಅದೂ ಗೆರೆ ಎಳೆದಷ್ಟು ನೇರವಾಗಿ. ಹೊಸ ಗೋಡೆ, ಹೊಸ ಪರದೆ, ಎಲ್ಲದರ ನಡುವೆ ಕಣ್ಣು ಹೋಗುತ್ತಿದ್ದುದು ಅಲ್ಲಿಗೇ.

ಅಂಗಡಿಗೆ ಫೋನ್ ಮಾಡಿದರೆ, “ಅದು ಉಣ್ಣೆಯ ಸಹಜ ಗುಣ ಮೇಡಂ, ಓಡಾಡುತ್ತಾ ಸರಿಹೋಗುತ್ತದೆ” ಎಂದರು. ಇದನ್ನು ಒಪ್ಪಬೇಡಿ. ಹೊಸ ಕಾರ್ಪೆಟ್ಟಿನಲ್ಲಿ ನೆರಳು ಬೆಳಕಿನ ವ್ಯತ್ಯಾಸ ಇರುವುದು ನಿಜ, ಆದರೆ ಅದು ಅಲ್ಲೊಂದು ಇಲ್ಲೊಂದು ಮಚ್ಚೆಯಂತೆ ಕಾಣುತ್ತದೆ. ಜೋಡಣೆಯ ಅಂಚಿಗೆ ಸರಿಯಾಗಿ ಶುರುವಾಗಿ ಅಲ್ಲಿಗೇ ನಿಲ್ಲುವುದಿಲ್ಲ. ನಾನು ಮಂಡಿಯೂರಿ, ಕಿಟಕಿಯಿಂದ ಬಾಗಿಲ ಕಡೆಗೆ ಅಂಗೈ ಸವರಿ ನೋಡಿದೆ. ದೊಡ್ಡ ತುಂಡಿನಲ್ಲಿ ಕೈ ಜಾರುತ್ತಾ ಹೋಯಿತು. ಪಟ್ಟಿಯ ಮೇಲೆ ಅದೇ ದಿಕ್ಕಿಗೆ ಸವರಿದರೆ ಎಳೆಗಳು ಪಕ್ಕಕ್ಕೆ ಒರಗಿದವು. ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮೆಟ್ಟಿಲಿನದು ಅಂದಚೆಂದದ ಮಾತಲ್ಲ, ಅಪಾಯದ ಮಾತು. ಪ್ರತಿ ಮೆಟ್ಟಿಲಿನ ಮೂಲೆಯಲ್ಲಿ ಗ್ರಿಪ್ಪರ್, ಅಂದರೆ ಮೊಳೆಯ ಮರದ ಪಟ್ಟಿ, ಹೊಡೆದು ಕಾರ್ಪೆಟ್ಟನ್ನು ಅದಕ್ಕೆ ಬಿಗಿಯಾಗಿ ಸಿಕ್ಕಿಸಬೇಕು. ನಮ್ಮಲ್ಲಿ ಅಂಚಿನ ಮೇಲೆ ಬಟ್ಟೆ ಸಡಿಲವಾಗಿ ಉಬ್ಬಿಕೊಂಡಿತ್ತು. ಶಿವಮೊಗ್ಗದಿಂದ ಬಂದಿದ್ದ ನಮ್ಮ ಅತ್ತೆಯವರು ಎರಡು ಮೆಟ್ಟಿಲು ಇಳಿದು ಕಟಾಂಜನ ಹಿಡಿದು ನಿಂತುಬಿಟ್ಟರು. “ಅಂಚು ಎಲ್ಲಿದೆ ಅಂತ ಕಾಲಿಗೇ ಸಿಗುವುದಿಲ್ಲವಲ್ಲಮ್ಮ” ಎಂದರು. ಅಂದಿನಿಂದ ಅವರು ಮೇಲೆ ಹೋಗುವುದನ್ನೇ ಬಿಟ್ಟು ಕೆಳಗೆ ಸೋಫಾ ಮೇಲೆ ಮಲಗಿದರು. ನನಗೆ ನಿಜವಾಗಿ ಕೋಪ ಬಂದದ್ದು ಆಗ.

ಇದರ ಜೊತೆಗೆ ಗೋಡೆಯ ಬುಡದ ಸ್ಕರ್ಟಿಂಗ್ ಹಲಗೆಗೆ ಬಳಿಸಿದ್ದ ಹೊಸ ಬಿಳಿ ಬಣ್ಣದ ಮೇಲೆಲ್ಲ ಗೀರು. ಬಚ್ಚಲುಮನೆಯ ಹೊಸ್ತಿಲಲ್ಲಿ ಗ್ರಿಪ್ಪರ್ ಮೊಳೆ ಮೇಲೆದ್ದು ಪಾದಕ್ಕೆ ಚುಚ್ಚುತ್ತಿತ್ತು.

ಅಂಗಡಿಯವರ ಮುಂದಿನ ಉತ್ತರ: ಫಿಟ್ಟರ್ ನಮ್ಮ ನೌಕರನಲ್ಲ, ಅವನನ್ನೇ ಕೇಳಿ. ಇಲ್ಲಿ ಗಮನಿಸಬೇಕಾದದ್ದು ಹಣ ಯಾರ ಕೈಗೆ ಹೋಯಿತು ಎಂಬುದು. ಎಷ್ಟೋ ಅಂಗಡಿಗಳಲ್ಲಿ ಸರಕಿನ ಹಣ ಅಂಗಡಿಗೆ, ಕೂಲಿ ನೇರವಾಗಿ ಫಿಟ್ಟರ್‌ಗೆ. ಹಾಗೆ ಮಾಡಿದರೆ ಒಪ್ಪಂದವೂ ಎರಡಾಗಿ ಹೋಗುತ್ತದೆ. ನಮ್ಮದು ಸರಕು, ಕೂಲಿ ಎರಡೂ ಅಂಗಡಿಯ ಒಂದೇ ಬಿಲ್ಲಿನಲ್ಲಿತ್ತು. 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಇಲ್ಲಿ ಸ್ಪಷ್ಟವಾಗಿದೆ: ಅಳವಡಿಸುವುದೂ ಒಪ್ಪಂದದ ಭಾಗವಾಗಿದ್ದು ಅದನ್ನು ತಪ್ಪಾಗಿ ಮಾಡಿದರೆ, ಸರಕೇ ಒಪ್ಪಂದದಂತೆ ಇಲ್ಲವೆಂದು ಲೆಕ್ಕ. ತಕ್ಕ ಸಮಯದಲ್ಲಿ, ತಮ್ಮ ಖರ್ಚಿನಲ್ಲಿ ಮಾರಿದವರೇ ಸರಿಪಡಿಸಬೇಕು.

ಫೋನ್ ಬಿಟ್ಟು ಇಮೇಲ್ ಬರೆದೆ. ಬಿಸಿಲಿನಲ್ಲಿ ತೆಗೆದ ಫೋಟೋ, ಪಟ್ಟಿಯ ಪಕ್ಕ ಅಳತೆಯ ಟೇಪ್ ಇಟ್ಟ ಫೋಟೋ, ಬಿಲ್ಲು, ಬೇಕಾದ ಪರಿಹಾರ, ಉತ್ತರಕ್ಕೆ ಕೊನೆಯ ದಿನಾಂಕ, ಎಲ್ಲವನ್ನೂ ಸೇರಿಸಿದೆ. ಬೈಗುಳ ಒಂದೂ ಇರಲಿಲ್ಲ. ಆಮೇಲೆ ಮ್ಯಾನೇಜರ್ ತಾವೇ ಬಂದು ನೋಡಿದರು, ನನ್ನಂತೆ ಅಂಗೈ ಸವರಿದರು, ಬದಲಾಯಿಸಿ ಕೊಡುತ್ತೇವೆಂದರು. ಅದನ್ನು ನಡೆಸಿಯೂ ಕೊಟ್ಟರು, ಆ ಮಟ್ಟಿಗೆ ಅವರನ್ನು ಮೆಚ್ಚುತ್ತೇನೆ.

ಎರಡನೆಯ ಸಲ ಬಂದ ಫಿಟ್ಟರ್ ವಯಸ್ಸಾದವರು. 5 ಮೀಟರಿನ ತುಂಡನ್ನು ಹೊತ್ತು ತಂದವರು ಮೊದಲು ಸ್ಕರ್ಟಿಂಗ್‌ಗೆ ಟೇಪ್ ಅಂಟಿಸಿ, ಆಮೇಲೆಯೇ ಚಾಕು ತೆಗೆದರು. ಮೊಣಕಾಲಿನಿಂದ ಒದ್ದು ಬಿಗಿಗೊಳಿಸುವ ಸಾಧನವನ್ನು ಮೂಲೆಗಳಿಗಷ್ಟೇ ಬಳಸಿ, ಕೋಣೆಯ ಉದ್ದಕ್ಕೆ ಕಾರ್ಪೆಟ್ ಹಿಗ್ಗಿಸುವ ದೊಡ್ಡ ಸ್ಟ್ರೆಚರ್ ಹಾಕಿ ಎಳೆದರು. ಮೆಟ್ಟಿಲನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಹಾಸಿದರು. ಅತ್ತೆಯವರು ಈಗ ಕಟಾಂಜನ ಹಿಡಿಯದೆಯೇ ಇಳಿಯುತ್ತಾರೆ.

ಅಂಗಡಿಗೆ ಹೋಗುವವರು ಮುಂಗಡ ಕೊಡುವ ಮೊದಲು ಕೋಣೆಯ ನಕ್ಷೆ ಕೇಳಿ. ಜೋಡಣೆ ಎಲ್ಲಿ ಬರುತ್ತದೆ, ಎಳೆ ಯಾವ ಕಡೆಗೆ ವಾಲುತ್ತದೆ ಎಂದು ಬಾಣದ ಗುರುತು ಹಾಕಿಸಿಕೊಳ್ಳಿ. ಮುಂಗಡವನ್ನು ಕ್ರೆಡಿಟ್ ಕಾರ್ಡಿನಲ್ಲೇ ಕೊಡಿ. 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಸರಕಿನ ಬೆಲೆ 100 ಪೌಂಡ್‌ಗಿಂತ ಹೆಚ್ಚಿದ್ದು 30,000 ಮೀರದಿದ್ದರೆ, ಒಪ್ಪಂದ ಮುರಿದಾಗ ಕಾರ್ಡ್ ಕೊಟ್ಟವರೂ ಅಂಗಡಿಯಷ್ಟೇ ಹೊಣೆ. ಬೆಲೆಯ ಒಂದು ಭಾಗವನ್ನಷ್ಟೇ ಕಾರ್ಡಿನಲ್ಲಿ ಕೊಟ್ಟಿದ್ದರೂ ಇದು ಅನ್ವಯಿಸುತ್ತದೆ.

ಸ್ಕರ್ಟಿಂಗ್‌ಗೆ ಮತ್ತೆ ಬಣ್ಣ ಬಳಿಸುವ ಖರ್ಚನ್ನು ಮಾತ್ರ ಅಂಗಡಿ ಕೊಡಲೊಪ್ಪುತ್ತಿಲ್ಲ. ಬಣ್ಣದವರಿಂದ ಲಿಖಿತ ಅಂದಾಜು ಪಡೆದು, ಗೀರುಗಳ ಫೋಟೋ ಸಮೇತ ಕಾರ್ಡ್ ಕಂಪನಿಗೆ ಕಳುಹಿಸಿದ್ದೇನೆ. ಅವರ ಉತ್ತರ ಬಂದ ಮೇಲೆ ಅದನ್ನೂ ಇಲ್ಲಿ ಸೇರಿಸುತ್ತೇನೆ.