ತೂಕ ಇಳಿಸುವ ಟೀ ಕುಡಿದು ಆಸ್ಪತ್ರೆ ಸೇರಿದೆ, ದಯವಿಟ್ಟು ನೀವು ಆ ತಪ್ಪು ಮಾಡಬೇಡಿ

ವಾಟ್ಸಾಪ್ ಗ್ರೂಪಿನಲ್ಲಿ ಮಾರುವ ತೂಕ ಇಳಿಸುವ ಟೀ, ಚೂರ್ಣ ಯಾವುದನ್ನೂ ತಗೊಳ್ಳಬೇಡಿ. ಅದರಲ್ಲೂ ಬೇಜಾರಾದಾಗ, ಸುಸ್ತಾದಾಗ ತಿನ್ನುವ ಅಭ್ಯಾಸ ಇದ್ದರೆ ಅದರ ಹತ್ತಿರಾನೂ ಹೋಗಬೇಡಿ. ನಾನು ಹೋಗಿದ್ದೆ. ಆರೇ ವಾರದಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದೆ.

ನನ್ನ ಅತ್ತೆ ಸ್ಟ್ರೋಕ್ ಆಗಿ ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದರು. ಬೆನ್ನಿನಲ್ಲಿ ಹುಣ್ಣಾಗಬಾರದು ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ರಾತ್ರಿ ಪಾಳಿ ನನ್ನದು. ಎರಡು ಗಂಟೆಗೆ ಎದ್ದು ಅವರನ್ನು ತಿರುಗಿಸಿ, ಡೈಪರ್ ಬದಲಿಸಿ, ಕೈ ತೊಳೆದುಕೊಂಡು ಬರುವಷ್ಟರಲ್ಲಿ ನಿದ್ದೆ ಹಾರಿಹೋಗಿರುತ್ತಿತ್ತು. ಅಡುಗೆಮನೆಗೆ ಹೋಗಿ, ಲೈಟ್ ಹಾಕದೆ, ಫ್ರಿಜ್ ಬಾಗಿಲು ತೆರೆದು ಆ ಬೆಳಕಿನಲ್ಲೇ ನಿಂತು ತಿನ್ನುತ್ತಿದ್ದೆ. ಕೋಡುಬಳೆ, ಮಿಕ್ಸ್ಚರ್, ಮಧ್ಯಾಹ್ನ ಮಿಕ್ಕ ಚಿತ್ರಾನ್ನ, ಏನಿದ್ದರೆ ಅದು. ಹಸಿವು ಇರುತ್ತಿರಲಿಲ್ಲ. ಇಡೀ ದಿನದಲ್ಲಿ ಯಾರೂ ನನ್ನನ್ನು ಕರೆಯದ ಹತ್ತು ನಿಮಿಷ ಅಂದರೆ ಅದೊಂದೇ. 61 ಕೆಜಿ ಇದ್ದವಳು 78 ಆದೆ. ಅತ್ತೆ ಹೋದ ಮೇಲೂ ಕೈ ಡಬ್ಬಿಗೆ ಹೋಗುವುದು ನಿಲ್ಲಲಿಲ್ಲ.

ಆಗ ಪರಿಚಯದವರೊಬ್ಬರು ನನ್ನನ್ನು ಒಂದು ಗ್ರೂಪಿಗೆ ಸೇರಿಸಿದರು. 140 ಹೆಂಗಸರು, ಒಬ್ಬರು ಕೋಚ್. 'ಹತ್ತು ದಿನಕ್ಕೆ ಎಂಟು ಕೆಜಿ, ಪೂರ್ತಿ ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ' ಅಂತ ಪೋಸ್ಟರ್. ಒಂದು ತಿಂಗಳ ಪ್ಯಾಕೆಟ್‌ಗೆ 3,400 ರೂಪಾಯಿ. ಅವತ್ತೇ ಕೂತು ಲೆಕ್ಕ ಹಾಕಿದ್ದರೆ ಸಾಕಿತ್ತು. ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಎಂಟು ಕೆಜಿಗೆ 61,600. ಅಂದರೆ ದಿನಕ್ಕೆ 6,000ಕ್ಕೂ ಜಾಸ್ತಿ. ನನ್ನಂಥ ಮನೆಗೆಲಸ ಮಾಡುವ ಹೆಂಗಸಿನ ಮೈ ಇಡೀ ದಿನದಲ್ಲಿ ಖರ್ಚು ಮಾಡುವುದೇ 2,000 ಆಸುಪಾಸು. ಹತ್ತು ದಿನ ಬರೀ ನೀರು ಕುಡಿದುಕೊಂಡಿದ್ದರೂ ಅಷ್ಟು ಕೊಬ್ಬು ಕರಗುವುದಿಲ್ಲ, ಅಲ್ವಾ?

ಬೆಳಿಗ್ಗೆ ಟೀ, ಮಧ್ಯಾಹ್ನ ಒಂದು ಲೋಟ ಗಂಜಿ, ರಾತ್ರಿ ಸೌತೆಕಾಯಿ, ಮತ್ತೆ ಟೀ. ಮೊದಲ ವಾರ ನಾಲ್ಕು ಕೆಜಿ ಇಳಿಯಿತು. ಖುಷಿಯಾಯಿತು. ಅದರಲ್ಲಿ ಬಹಳಷ್ಟು ನೀರು ಅಂತ ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಊಟ ಕಡಿಮೆ ಮಾಡಿದರೆ ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂಶ ಮೊದಲು ಖಾಲಿಯಾಗುತ್ತದೆ, ಅದು ಹಿಡಿದಿಟ್ಟ ನೀರೂ ಜೊತೆಗೇ ಹೋಗುತ್ತದೆ. ಕೊಬ್ಬು ಕರಗುವುದು ಸ್ವಲ್ಪವೇ.

ಬೆಳಿಗ್ಗೆ ಆರಕ್ಕೆ ತೂಕದ ಫೋಟೋ ಹಾಕಬೇಕು. ಹನ್ನೊಂದನೇ ದಿನ ಪಕ್ಕದ ಮನೆಯಿಂದ ಒಬ್ಬಟ್ಟು ಬಂತು. ರಾತ್ರಿ ಎರಡು ಗಂಟೆಗೆ ನಿಂತುಕೊಂಡೇ ಒಂಬತ್ತು ತಿಂದೆ. ಮುಂಚೆ ಹಸಿವಿಲ್ಲದೆ ತಿನ್ನುತ್ತಿದ್ದೆ, ಈಗ ಅದರ ಮೇಲೆ ದಿನವೆಲ್ಲ ಉಪವಾಸ ಬಿದ್ದ ಹಸಿವೂ ಸೇರಿತ್ತು. ಬೆಳಿಗ್ಗೆ ಫೋಟೋ ಹಾಕಲಿಲ್ಲ. ಕೋಚ್ ಎಲ್ಲರ ಮುಂದೆ ಬರೆದರು: "ಅಕ್ಕಾ, ಯಾರಿಗೆ ಮೋಸ ಮಾಡ್ತಿದ್ದೀರಾ? ಇವತ್ತು ಟೀ ಡಬಲ್ ಕುಡೀರಿ." ಓದಿ ಮುಖ ಬಿಸಿಯಾಯಿತು. ಡಬಲ್ ಕುಡಿದೆ. ರಾತ್ರಿ ಅದೇ ನಾಚಿಕೆಯಲ್ಲಿ ಮತ್ತೆ ತಿಂದೆ. ಆಮೇಲೆ ಇದೇ ಪಾಡು. ತಿನ್ನೋದು, ಬೈಸಿಕೊಳ್ಳೋದು, ಟೀ ಜಾಸ್ತಿ ಮಾಡೋದು, ಮತ್ತೆ ತಿನ್ನೋದು. ದಿನಕ್ಕೆ ಆರೇಳು ಸಲ ಬಾತ್‌ರೂಮಿಗೆ ಓಡುತ್ತಿದ್ದೆ. ಕೇಳಿದರೆ "ಟಾಕ್ಸಿನ್ ಹೊರಗೆ ಹೋಗ್ತಿದೆ, ಒಳ್ಳೇದೇ" ಅನ್ನುತ್ತಿದ್ದರು. ಒಂದು ತಿಂಗಳಿಗೆ ಆ ಪ್ಯಾಕೆಟ್ ಮುಗಿಯಿತು, ಮತ್ತೆ 3,400 ಕೊಟ್ಟು ಇನ್ನೊಂದು ತರಿಸಿದೆ. ಇದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಆರನೇ ವಾರ ಬಟ್ಟೆ ಒಣಹಾಕಲು ತಾರಸಿಗೆ ಹತ್ತುವಾಗ ಎರಡೂ ಮೀನಖಂಡ ಗಟ್ಟಿಯಾಗಿ ಹಿಡಿದುಕೊಂಡವು. ಮೆಟ್ಟಿಲ ಮೇಲೇ ಕೂತೆ. ಎದೆ ಡವಡವ, ನಡುವೆ ಒಂದು ಬಡಿತ ತಪ್ಪಿದ ಹಾಗೆ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ರಕ್ತ ತೆಗೆದರು. ಸ್ನಾಯು, ಹೃದಯ ಸರಿಯಾಗಿ ಕೆಲಸ ಮಾಡಲು ಬೇಕಾದ ಪೊಟ್ಯಾಸಿಯಂ ಅನ್ನುವ ಲವಣ 2.7 ಇತ್ತು. ಕನಿಷ್ಠ 3.5 ಇರಬೇಕು. "ಏನಾದ್ರೂ ಕಷಾಯ, ಪುಡಿ ತಗೊಳ್ತಿದ್ದೀರೇನಮ್ಮಾ?" ಅಂತ ಡಾಕ್ಟರ್ ಕೇಳಿದಾಗ ಇಲ್ಲ ಅಂದೆ. ನಾಚಿಕೆಗೆ ಸುಳ್ಳು ಹೇಳಿದೆ. ಸಂಜೆ ನನ್ನ ಗಂಡ ಮನೆಯಿಂದ ಪ್ಯಾಕೆಟ್ ತಂದು ಮುಂದಿಟ್ಟ ಮೇಲೆ ಒಪ್ಪಿಕೊಂಡೆ. ಹೀಗೆ ಮಾತ್ರ ಮಾಡಬೇಡಿ. ಏನು ಕುಡಿದಿದ್ದೀರೋ ಅದನ್ನು ಮೊದಲ ಮಾತಿಗೇ ಹೇಳಿಬಿಡಿ.

ಪ್ಯಾಕೆಟ್ ಮೇಲೆ ಕೋಚ್ ಫೋನ್ ನಂಬರಿನ ಬಿಳಿ ಸ್ಟಿಕ್ಕರ್ ಇತ್ತು. ನರ್ಸ್ ಅದನ್ನು ಉಗುರಿನಿಂದ ಎಬ್ಬಿಸಿದರು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಮೊದಲ ಹೆಸರೇ ಸೋನಾಮುಖಿ. ನಮ್ಮಜ್ಜಿ ಕಾಲದಿಂದ ಭೇದಿ ಆಗಲಿ ಅಂತ ಕೊಡುವ ಎಲೆ. ಅದು ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ತಿಂದ ಅನ್ನದ ಸತ್ವವನ್ನು ಸಣ್ಣ ಕರುಳು ಅಷ್ಟೊತ್ತಿಗೆ ಹೀರಿಕೊಂಡು ಆಗಿರುತ್ತದೆ. ಅಂದರೆ ಒಬ್ಬಟ್ಟು ಮೈಗೆ ಸೇರಿತ್ತು. ಹೊರಗೆ ಹೋಗಿದ್ದು ನೀರು, ಉಪ್ಪು, ಪೊಟ್ಯಾಸಿಯಂ. ನೈಸರ್ಗಿಕ ಅನ್ನುವ ಒಂದು ಮಾತಿಗೆ ನಾನು ಮರುಳಾಗಿದ್ದೆ.

"ಸೋನಾಮುಖಿ ಅಂತ ಬರೆದಾದ್ರೂ ಇದೆ, ಕೆಲವು ಪುಡಿಗಳಲ್ಲಿ ಬರೆಯದೇ ಇರೋದನ್ನೂ ಬೆರೆಸಿರ್ತಾರೆ" ಅಂದರು ಡಾಕ್ಟರ್. ಸಿಬುಟ್ರಮಿನ್ ಅಂತ ಹಸಿವು ಅಡಗಿಸುವ ಔಷಧಿ, ಹೃದಯಕ್ಕೆ ಅಪಾಯ ಅಂತ ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧ ಆಗಿದೆ. ಹರ್ಬಲ್ ಅಂತ ಮಾರುವ ಸ್ಲಿಮ್ಮಿಂಗ್ ಪುಡಿಗಳಲ್ಲಿ ಅದು ಆಮೇಲೂ ಸಿಕ್ಕಿದೆ. ಬೊಜ್ಜು ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದಕ್ಕೇ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಲ್ಲಿ ತಡೆ ಇದೆ. ಇದು ಗೊತ್ತಿದ್ದಿದ್ದರೆ ಆ ಪೋಸ್ಟರ್ ನೋಡಿದಾಗಲೇ ಹುಷಾರಾಗುತ್ತಿದ್ದೆ. ದುಡ್ಡು ವಾಪಸ್ ಕೇಳಿದ ದಿನ ನನ್ನನ್ನು ಗ್ರೂಪಿನಿಂದ ತೆಗೆದರು.

ಡಾಕ್ಟರ್ ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಸರಿಯಿತ್ತು. ಆಮೇಲೆ ಕೌನ್ಸೆಲರ್ ಹತ್ತಿರ ಕಳಿಸಿದರು. ನನಗೇನು ಹುಚ್ಚಾ ಅಂತ ಮೊದಲು ಕೋಪ ಬಂತು. ಅವರು ತೂಕ ಕೇಳಲೇ ಇಲ್ಲ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಏನು ತಿಂದಿರಿ ಅಂತ ಬೇಡ, ತಿನ್ನುವ ಮುಂಚೆ ಎಷ್ಟು ಗಂಟೆ, ಏನು ಅನಿಸ್ತಿತ್ತು ಅಷ್ಟೇ ಬರೆಯಿರಿ ಅಂದರು. ಎರಡು ವಾರ ಬರೆದೆ. ತಿರುಗಿಸಿ ನೋಡಿದರೆ ಪುಟ ಪುಟದಲ್ಲೂ 2:05, 2:10, 2:00. ಅತ್ತೆಯ ಮಗ್ಗುಲು ಬದಲಿಸುವ ಹೊತ್ತು. ಅವರು ಹೋದ ದಿನ ಬಂದವರಿಗೆ ಕಾಫಿ ಮಾಡುವುದರಲ್ಲಿ, ವೈಕುಂಠ ಸಮಾರಾಧನೆಯ ಅಡುಗೆಯಲ್ಲಿ ನನಗೆ ಅಳಲು ಪುರುಸೊತ್ತೇ ಆಗಿರಲಿಲ್ಲ. ನೋಟ್‌ಬುಕ್ ಹಿಡಿದು ಅವತ್ತು ಅತ್ತುಬಿಟ್ಟೆ.

ಈಗ ಮೂರು ಹೊತ್ತೂ ಸರಿಯಾಗಿ ಊಟ ಮಾಡುತ್ತೇನೆ, ರಾತ್ರಿ ಮುದ್ದೆ ಸಾರು ಬಿಡುವುದಿಲ್ಲ. ಹೊಟ್ಟೆ ತುಂಬಿ ಮಲಗಿದರೆ ಎರಡು ಗಂಟೆಗೆ ತಿನ್ನಬೇಕು ಅನ್ನುವ ಸೆಳೆತ ಅರ್ಧ ಕಡಿಮೆ. ಎಚ್ಚರವಾದರೆ ಅತ್ತೆಯ ಕೋಣೆಯಲ್ಲಿ ಸುಮ್ನೆ ಕೂರುತ್ತೇನೆ. ಕೆಲವು ರಾತ್ರಿ ಈಗಲೂ ತಿನ್ನುತ್ತೇನೆ, ಆದರೆ ತಟ್ಟೆಗೆ ಹಾಕಿಕೊಂಡು, ಕೂತು, ಲೈಟ್ ಹಾಕಿ. ಮರುದಿನ ಉಪವಾಸ ಮಾಡುವುದಿಲ್ಲ. ಎಂಟು ತಿಂಗಳಾಯಿತು, 73 ಕೆಜಿ ಇದ್ದೇನೆ. ಹತ್ತಿರದಲ್ಲಿ ಕೌನ್ಸೆಲರ್ ಇಲ್ಲದವರು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ.

ಆ ಗ್ರೂಪಿನಲ್ಲಿ ನನ್ನ ಪರಿಚಯದ ಇಬ್ಬರು ಇನ್ನೂ ಇದ್ದರು. ಇಬ್ಬರಿಗೂ ಫೋನ್ ಮಾಡಿದೆ. ಒಬ್ಬರು ಟೀ ನಿಲ್ಲಿಸಿದರು. ಇನ್ನೊಬ್ಬರು ಮಗಳ ಮದುವೆ ಮುಗಿಯಲಿ ಅಂದರು. ಅವರಿಗೂ ಕಾಲು ಸೆಳೆತ ಶುರುವಾಗಿದೆಯಂತೆ. ಅದಕ್ಕೇ ಇವತ್ತು ಕೆಲಸ ಬಿಟ್ಟು ಕೂತು ಇದನ್ನು ಬರೆದೆ.