ವರ್ಚುವಲ್ ಪೂಲ್ 4: ಬಿಳಿ ಚೆಂಡಿನ ದಾರಿ ಕಲಿಸುವ ಆಟ

ಕ್ಯೂ ಎಂಬ ಉದ್ದನೆಯ ಕೋಲು ಹಿಡಿದು ಮೇಜಿನ ಮೇಲೆ ಆಡುವ ಪೂಲ್, ಸ್ನೂಕರ್‌ನಂಥ ಆಟಗಳ ಹೆಸರಿನಲ್ಲಿ ಮೊಬೈಲಿಗೆ ಬರುವ ಗೇಮ್‌ಗಳಲ್ಲಿ ಹೆಚ್ಚಿನವು ಗುರಿಯ ಗೆರೆಯನ್ನು ತಾವೇ ಎಳೆದುಕೊಟ್ಟು, ಬೆರಳು ಜಾರಿಸಿದೊಡನೆ ಚೆಂಡನ್ನು ಪಾಕೆಟ್‌ಗೆ, ಅಂದರೆ ಮೇಜಿನ ಅಂಚಿನ ಕುಳಿಗೆ, ಬೀಳಿಸಿ ಆಟಗಾರರನ್ನು ಮೆಚ್ಚಿಸುತ್ತವೆ. ಸೆಲೆರಿಸ್ ಸಂಸ್ಥೆಯ ‘ವರ್ಚುವಲ್ ಪೂಲ್ 4’ ಆ ಜಾತಿಯದಲ್ಲ. 1995ರಲ್ಲಿ ಆರಂಭವಾದ ಸರಣಿಯ ಈ ಭಾಗ ಕಂಪ್ಯೂಟರ್‌ಗಳಿಗೆ ಬಂದದ್ದು 2012ರಲ್ಲಿ. ಚಿತ್ರಣ ಇಂದಿನ ಕಣ್ಣಿಗೆ ಸಪ್ಪೆ ಎನಿಸಬಹುದು. ಆದರೆ ಚೆಂಡುಗಳ ಚಲನೆಯನ್ನು ನೋಡುತ್ತ ಕುಳಿತರೆ ಆ ಕೊರತೆ ಮರೆತೇ ಹೋಗುತ್ತದೆ.

ಹೊಡೆಯಲು ಕೀಲಿಯೊಂದನ್ನು ಒತ್ತಿಹಿಡಿದು ಮೌಸನ್ನು ಮುಂದಕ್ಕೆ ತಳ್ಳಬೇಕು. ಕೈ ಸಾಗಿದ ವೇಗವೇ ಕ್ಯೂವಿನ ವೇಗ. ಹೀಗಾಗಿ ಅಳುಕಿ ತಳ್ಳಿದರೆ ಚೆಂಡು ಪಾಕೆಟ್ ಮುಟ್ಟುವುದಿಲ್ಲ, ಆತುರಪಟ್ಟರೆ ಕ್ಯೂ ನೇರವಾಗಿ ಹೊಡೆಯುವ ಬಿಳಿ ಚೆಂಡು ಮೇಜೆಲ್ಲ ಸುತ್ತಿ ಎದುರಾಳಿಗೆ ಅನುಕೂಲವಾದಲ್ಲಿ ನಿಲ್ಲುತ್ತದೆ.

ಈ ಆಟದ ನಿಜವಾದ ಸಂಪತ್ತು ಡಿಕ್ಕಿಯ ನಂತರ ಕಾಣಸಿಗುತ್ತದೆ. ಬಿಳಿ ಚೆಂಡು ಉರುಳದೆ ಜಾರುತ್ತ ಬಂದು ಇನ್ನೊಂದರ ಬದಿಗೆ ತಾಗಿದರೆ, ಎರಡೂ ಸುಮಾರು 90 ಡಿಗ್ರಿ ಕೋನದಲ್ಲಿ ಬೇರ್ಪಡುತ್ತವೆ. ಅದೇ ಚೆಂಡು ಸಹಜವಾಗಿ ಉರುಳುತ್ತ ಬಂದು ಅರ್ಧ ಚೆಂಡಿನಷ್ಟು (ತನ್ನ ನಡುಭಾಗ ಇನ್ನೊಂದರ ಅಂಚಿಗೆ ನೇರವಾಗಿರುವಂತೆ) ತಾಗಿದರೆ, ತನ್ನ ಮೊದಲ ದಾರಿಯಿಂದ ಸುಮಾರು 30 ಡಿಗ್ರಿಯಷ್ಟೇ ಓರೆಯಾಗಿ ಮುಂದೆ ಸಾಗುತ್ತದೆ. ಕೆಳಭಾಗಕ್ಕೆ ಹೊಡೆದು ಕೊಟ್ಟ ಬ್ಯಾಕ್ ಸ್ಪಿನ್ (ಹಿಮ್ಮುಖ ತಿರುಗುವಿಕೆ), ದೂರದ ಹೊಡೆತದಲ್ಲಿ ಮೇಜಿನ ಬಟ್ಟೆಯ ಘರ್ಷಣೆಗೆ ಸಿಕ್ಕಿ ದಾರಿಯಲ್ಲೇ ಕರಗುತ್ತದೆ. ಪಾಟ್ ಮಾಡಿದ (ಚೆಂಡನ್ನು ಪಾಕೆಟ್‌ಗೆ ಬೀಳಿಸಿದ) ಮೇಲೆ ಬಿಳಿ ಚೆಂಡು ಎಲ್ಲಿ ನಿಲ್ಲಬೇಕೆಂದು ಮೊದಲೇ ಯೋಚಿಸುವ ಅಭ್ಯಾಸ ಈ ಆಟದಿಂದ ಬೆಳೆಯುತ್ತದೆ ಎಂಬುದೇ ನಾನು ಇದನ್ನು ಶಿಫಾರಸು ಮಾಡಲು ಮುಖ್ಯ ಕಾರಣ.

ಕಲಬುರಗಿಯ ಹುಡುಗರಿಗೆ ಇದರ ಬೆಲೆ ಇನ್ನೂ ಹೆಚ್ಚು. ಪಂಕಜ್ ಅಡ್ವಾಣಿಯವರಂಥ ವಿಶ್ವ ಚಾಂಪಿಯನ್‌ರನ್ನು ಕೊಟ್ಟ ನಮ್ಮ ರಾಜ್ಯದಲ್ಲಿ ಈ ಕ್ರೀಡೆಯ ತರಬೇತಿ ಬೆಂಗಳೂರಿನ ಸುತ್ತಲೇ ನಿಂತಿದೆ. ಇಲ್ಲಿಯ ಪಾರ್ಲರ್‌ಗಳಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಆಡುವವರಿಗೆ ಒಂದೇ ಹೊಡೆತವನ್ನು ಮತ್ತೆಮತ್ತೆ ತಿದ್ದಿಕೊಳ್ಳಲು ಸಮಯ ಸಿಗುವುದಿಲ್ಲ. ಮೇಲಾಗಿ, ಶಹಾಬಾದ್ ಹಾಸುಗಲ್ಲು ಕೂರಿಸುವ ಗೌಂಡಿ ರಸಮಟ್ಟ ಇಟ್ಟು ನೋಡುವಷ್ಟೇ ಎಚ್ಚರ ಸ್ಲೇಟ್ ಕಲ್ಲಿನ ಮೇಜಿಗೂ ಬೇಕು. ಅದು ತಪ್ಪಿದಲ್ಲಿ, ಅಥವಾ ಬೇಸಿಗೆಯ ಧೂಳು ಬಟ್ಟೆಯ ಮೇಲೆ ಕೂತಲ್ಲಿ, ನಿಧಾನದ ಚೆಂಡು ತನ್ನಷ್ಟಕ್ಕೆ ಪಕ್ಕಕ್ಕೆ ಸರಿಯುತ್ತದೆ. ಪರದೆಯ ಮೇಲಿನ ಮೇಜಿಗೆ ಆ ದೋಷವಿಲ್ಲದ್ದರಿಂದ, ಗುರಿ ತಪ್ಪಿದರೆ ಕಾರಣವನ್ನು ನಮ್ಮ ಹೊಡೆತದಲ್ಲೇ ಹುಡುಕಬಹುದು.

ಕಾಲಿನ ನಿಲುವು, ಬೆರಳುಗಳ ಮೇಲೆ ಕ್ಯೂವನ್ನು ಆನಿಸುವ ರೀತಿ, ಮೊಣಕೈಯ ಸ್ಥಿರತೆ ಇವನ್ನು ಮೌಸ್ ಕಲಿಸಲಾರದು. ಅದಕ್ಕೆ ನಿಜವಾದ ಮೇಜು, ಬಲ್ಲವರ ಮಾರ್ಗದರ್ಶನ ಬೇಕೇ ಬೇಕು. ಪೂಲ್ ಜೊತೆಗೆ ಸ್ನೂಕರ್ ಕೂಡ ಇದರಲ್ಲಿರುವುದರಿಂದ, ಹೊಸಬರು ಮೊದಲು 9 ಅಡಿಯ ಪೂಲ್ ಮೇಜಿನಲ್ಲಿ ಕೈ ಕುದುರಿಸಿಕೊಂಡು ಆಮೇಲೆ 12 ಅಡಿಯ ಸ್ನೂಕರ್ ಮೇಜಿಗೆ ಹೋಗುವುದು ಒಳ್ಳೆಯದು. ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್‌ನಲ್ಲಿ ಮಾತ್ರ ಆಡಲು ಹೋಗಬೇಡಿ. ಸಾಧಾರಣ ಮೌಸ್ ಒಂದು, ಅದರಡಿ ಅಗಲವಾದ ಪ್ಯಾಡ್ ಒಂದು ಇದ್ದರೆ ಸಾಕು.