ಬೈಠಕ್ಕಿಗೆ ಸೌಂಡ್ ಬಾಡಿಗೆ: ಧಾರವಾಡದ ಒಂದು ತಂಡದ ಕೆಲಸ

ಮದುವೆ ಮೆರವಣಿಗೆಗೂ ಹಿಂದೂಸ್ತಾನಿ ಖಯಾಲ್ ಗಾಯನಕ್ಕೂ ಒಂದೇ ಸೆಟ್ಟಿಂಗ್ ಇಡುವ ಸೌಂಡ್‌ನವರ ನಡುವೆ ಧಾರವಾಡದ ಈ ಸಣ್ಣ ತಂಡದ ಕೆಲಸ ಬೇರೆಯೇ. ನೂರೈವತ್ತು ಕುರ್ಚಿಯ ಸಭಾಂಗಣದ ಬೈಠಕ್ಕಿಗೆ, ಅಂದರೆ ಸಣ್ಣ ಕಛೇರಿಗೆ, ಎರಡು ಸ್ಪೀಕರ್, ಐದು ಮೈಕ್, ಒಂದು ಚಿಕ್ಕ ಮಿಕ್ಸರ್. ತಗ್ಗಿನ ಸದ್ದಿನ ದೊಡ್ಡ ಪೆಟ್ಟಿಗೆ, ಸಬ್‌ವೂಫರ್, ಗಾಡಿಯಿಂದ ಇಳಿಯುವುದೇ ಇಲ್ಲ. ಮೊದಲ ಮೆಚ್ಚುಗೆ ಅದಕ್ಕೇ.

ಕಾರಣ ಕಿವಿಯೊಳಗಿದೆ. ಒಳಗಿವಿಯ ಸುರುಳಿಯಲ್ಲಿ ಸುಮಾರು 35 ಮಿಲಿಮೀಟರ್ ಉದ್ದದ ಪೊರೆಯೊಂದಿದೆ. ತಾರದ ಸ್ವರಕ್ಕೆ ಅದರ ಬಾಗಿಲ ಕಡೆಯ ಭಾಗ ಅಲುಗುತ್ತದೆ, ಮಂದ್ರಕ್ಕೆ ಒಳತುದಿ. ಮಂದ್ರದ ಅಲೆ ಒಳತುದಿ ಮುಟ್ಟಬೇಕಾದರೆ ಬಾಗಿಲ ಕಡೆಯಿಂದಲೇ ಹಾದು ಹೋಗಬೇಕು; ಸದ್ದು ಜೋರಾದಷ್ಟೂ ದಾರಿಯ ಪೊರೆಯೆಲ್ಲ ಅಲುಗುತ್ತದೆ. ಹೀಗಾಗಿ ತಗ್ಗಿನ ಸದ್ದು ಮೇಲಿನದನ್ನು ಸುಲಭವಾಗಿ ಮುಚ್ಚುತ್ತದೆ, ಮೇಲಿನದು ತಗ್ಗಿನದನ್ನು ಅಷ್ಟು ಮುಚ್ಚಲಾರದು. ಡಗ್ಗಾ (ತಬಲಾ ಜೋಡಿಯ ಎಡಗೈ ವಾದ್ಯ) ಉಬ್ಬಿಸಿದರೆ ಬಂದಿಶಿನ, ಅಂದರೆ ಹಾಡುವ ರಚನೆಯ, ಅಕ್ಷರ ಕಳೆದುಹೋಗುವುದು ಇದರಿಂದಲೇ. ಆಗ ಗಾಯನದ ಮೈಕ್ ಏರಿಸುವುದು ತಪ್ಪು ಮದ್ದು. ಅದರೊಳಗೆ ಡಗ್ಗಾದ ಸದ್ದೂ ಸೇರಿ ಏರುತ್ತದೆ.

ಈ ತಂಡ ಗಾಯನದ ಮೈಕಿಗೆ 80 ಹರ್ಟ್ಜ್‌ನಲ್ಲಿ ಲೋ-ಕಟ್ ಹಾಕುತ್ತದೆ, ಅದಕ್ಕಿಂತ ತಗ್ಗಿನ ಸದ್ದನ್ನು ಕತ್ತರಿಸುತ್ತದೆ. ಕರಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುವವರ ಷಡ್ಜ 138.6 ಹರ್ಟ್ಜ್, ಮಂದ್ರ ಪಂಚಮ 104ರ ಆಸುಪಾಸು, ಎರಡಕ್ಕೂ ಧಕ್ಕೆಯಿಲ್ಲ. ಮೈಕನ್ನು ಬಾಯಿಂದ ಒಂದು ಗೇಣು ದೂರ ಇಡಿಸುತ್ತಾರೆ. ತುಟಿಗೆ ತಾಗಿಸಿದರೆ, ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಇಂಥ ಮೈಕುಗಳಲ್ಲಿ ತಗ್ಗಿನ ಸದ್ದು ತಾನಾಗಿ ಉಬ್ಬುತ್ತದೆ, ಮಾಡಿದ್ದೆಲ್ಲ ವ್ಯರ್ಥ.

ಅವರ ನಿಜವಾದ ಕಸುಬು ಕಾಣುವುದು ಪೇಟಿಯ, ಅಂದರೆ ಹಾರ್ಮೋನಿಯಂನ, ವಿಷಯದಲ್ಲಿ. ಕಿವಿ ಅಕ್ಕಪಕ್ಕದ ಸ್ವರಗಳನ್ನು ಒಂದು ಪಟ್ಟಿಯಾಗಿ ಹಿಡಿಯುತ್ತದೆ. 500 ಹರ್ಟ್ಜ್‌ವರೆಗೆ ಪಟ್ಟಿಯ ಅಗಲ ಸುಮಾರು 100 ಹರ್ಟ್ಜ್, ಅದರ ಮೇಲೆ ಆಯಾ ಸ್ವರದ ಸುಮಾರು ಐದನೇ ಒಂದು ಪಾಲು. ಒಂದೇ ಪಟ್ಟಿಯಲ್ಲಿ ಎರಡು ಸದ್ದು ಬಿದ್ದರೆ ಜೋರಾದದ್ದು ಮೆತ್ತಗಿನದನ್ನು ನುಂಗುತ್ತದೆ. ಗಾಯಕರ ಬೆನ್ನು ಹಿಡಿದೇ ನಡೆಯುವ ಪೇಟಿ ಅದೇ ಪಟ್ಟಿಯಲ್ಲಿರುತ್ತದೆ. ಸಾಲದ್ದಕ್ಕೆ, ಪೇಟಿಯ ಗಾಂಧಾರ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಲೆಕ್ಕದ್ದು, 174.6 ಹರ್ಟ್ಜ್, ತಂಬೂರಿಯಲ್ಲಿ ಹೊಮ್ಮುವ ಗಾಂಧಾರದ ಲೆಕ್ಕಕ್ಕೆ 173.25 ಆಗಬೇಕು. ಷಡ್ಜದ ಐದನೇ ಉಪಸ್ವರ (ಅದರ ಐದು ಪಟ್ಟು) 693, ಪೇಟಿ ಗಾಂಧಾರದ ನಾಲ್ಕನೆಯದು 698.5. ಸೆಕೆಂಡಿಗೆ ಐದಾರು ಸಲ ಸದ್ದು ನಡುಗುತ್ತದೆ. ಗಾಂಧಾರವೇ ಮುಖ್ಯವಾದ ಯಮನ್ ರಾಗ ಹಾಡುವಾಗ ಇದು ಕಿವಿಗೆ ಚುಚ್ಚುತ್ತದೆ. ಪೇಟಿಯ ಮೈಕನ್ನು ಬಹುತೇಕ ಮುಚ್ಚಿ, ತಂಬೂರಿಗೆ ಪ್ರತ್ಯೇಕ ಮೈಕ್ ಕೊಡುವುದು ಇವರ ಪದ್ಧತಿ. ಬಲು ಛಲೋ ನಿರ್ಧಾರ.

ಎಕೋ ವಿಷಯದಲ್ಲಿ ಮಾತ್ರ ಕೈ ಸಡಿಲ. ಜೋರಾದ ಸದ್ದು ನಿಂತ ಮೇಲೂ ನೂರಿನ್ನೂರು ಮಿಲಿಸೆಕೆಂಡ್ ಕಿವಿ ಸಣ್ಣ ಸದ್ದಿಗೆ ಮಂದವಾಗಿರುತ್ತದೆ. ಸೆಕೆಂಡಿಗೆ ಎಂಟು ಸ್ವರದ ತಾನಿನಲ್ಲಿ (ಸ್ವರಗಳ ವೇಗದ ಓಟದಲ್ಲಿ) ಒಂದೊಂದಕ್ಕೆ ಸಿಗುವುದೇ 125 ಮಿಲಿಸೆಕೆಂಡ್. ಅದರ ಮೇಲೆ ಎಕೋ ಬಾಲ ಬೇರೆ ಕೂತರೆ ತಾನಿನ ಕಾಳು ಕಾಳು ಬಿಡಿಸಿ ಕೇಳುವುದಿಲ್ಲ, ಗಂಜಿಯಾಗುತ್ತದೆ. ಮಧ್ಯಲಯಕ್ಕೆ (ನಡುವೇಗಕ್ಕೆ) ಬರುವ ಮೊದಲೇ ತೆಗೆಯಲು ಹೇಳಿಡಿ, ಹೇಳಿದರೆ ತೆಗೆಯುತ್ತಾರೆ.

ಕೊನೆಗೆ ಕೊಡುವ ರೆಕಾರ್ಡಿಂಗ್ 128 ಕೆಬಿಪಿಎಸ್ ಎಂಪಿ3. ಕಿವಿಗೆ ಮರೆಯಾಗುವುದನ್ನು ಒರಟಾಗಿ ಉಳಿಸಿ ಜಾಗ ಉಳಿಸುವುದೇ ಎಂಪಿ3ಯ ಉಪಾಯ. ತಬಲಾದ ಚಾಟಿಯಲ್ಲಿ, ಅಂದರೆ ಅಂಚಿನ ಚುರುಕು ಪೆಟ್ಟಿನಲ್ಲಿ, ಅದು ಎಡವುತ್ತದೆ: ಒರಟುತನದ ಸದ್ದು ಪೆಟ್ಟಿಗಿಂತ ಮುಂಚೆಯೂ ಹರಡಿ, 'ನಾ' ಬೋಲಿನ ಮುಂದೆ 'ಛುಸ್' ಎಂದು ಕೇಳಬಹುದು. ಬರಲಿರುವ ಪೆಟ್ಟು ಹಿಂದಿನ ಸದ್ದನ್ನು ಮುಚ್ಚುವುದು ಕೆಲವೇ ಮಿಲಿಸೆಕೆಂಡ್. ಪೆನ್‌ಡ್ರೈವ್ ಮೊದಲೇ ಕೈಗಿಟ್ಟು ವೇವ್ ಫೈಲ್ (ಹೀಗೆ ಜಾಗ ಉಳಿಸದೆ ಪೂರ್ತಿ ಇಡುವ ರೆಕಾರ್ಡಿಂಗ್) ಕೇಳಿ ಪಡೆಯಿರಿ, 44.1 ಕಿಲೋಹರ್ಟ್ಜ್, 16 ಬಿಟ್ ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 635 ಎಂಬಿ ಆಗುತ್ತದೆ.